ಹಾಡಿದವರ ಹೆಸರು ಬರೆದಿಡಿ

(ಲಿಂಗದಹಳ್ಳಿಯಲ್ಲಿ ಶ್ರಾವಣ ಮಾಸದ ವಚನ ಶ್ರವಣ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಷಟ್‌ಸ್ಥಲದ ಬಗ್ಗೆ, ಇಷ್ಟಲಿಂಗದ ಬಗ್ಗೆ ತಿಳಿದವರು ಮಾತಾಡುತ್ತಾರೆ. ನಾನು ಪಂಡಿತನೂ ಅಲ್ಲ, ಹಾಡುಗಾರನೂ ಅಲ್ಲ. ಬರೀ ಕೇಳುಗ. ವಚನ ಗಾಯನ, ಭಜನೆ, ನಾಟಕ ಎಲ್ಲಿ ನಡೆದರೂ ಹೋಗುವುದು, ಮುಂದಿನ ಸಾಲಿನಲ್ಲಿ ಕೂರುವುದು, ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳುವುದು, ಇಷ್ಟೇ ನನ್ನ ಹುಚ್ಚು. ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಈ ಹುಚ್ಚು ಹಿಡಿದವನು ನಾನೊಬ್ಬನೇ ಅಲ್ಲ. ಹಿಂದೆ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಜಾತ್ರೆಗೆ ಹೋಗುವವರಿದ್ದರು. ಈಗ ಸಭೆಯಲ್ಲಿ ಅರ್ಧ ಜನರ ಕೈಯಲ್ಲಿ ಮೊಬೈಲು ಎದ್ದಿರುತ್ತದೆ. ಇಷ್ಟೊಂದು ಮುದ್ರಿಸುತ್ತೇವಲ್ಲ, ಅದರಲ್ಲಿ ಉಳಿಯುವುದೇನು, ಉಳಿದದ್ದು ಯಾರ ಪಾಲಿಗೆ ಎಂದು ಕೇಳಿಕೊಳ್ಳಬೇಕಾಗಿದೆ.

ಒಂದು ಸಣ್ಣ ವಿಷಯದಿಂದ ಶುರು ಮಾಡುತ್ತೇನೆ. ವಚನದಲ್ಲಿ ಅಂಕಿತ ಬರುವುದು ಎಲ್ಲಿ? ಕೊನೆಯಲ್ಲಿ. ಗಾಯಕರು ಒಂದು ಸಾಲನ್ನು ಪಲ್ಲವಿಯ ಹಾಗೆ ಹಿಡಿದುಕೊಂಡು ಎರಡು ಸಲ, ನಾಲ್ಕು ಸಲ ಸುತ್ತಿ, ರಾಗ ಬೆಳೆಸಿ, ಆಮೇಲೆ ಅಂಕಿತಕ್ಕೆ ಬರುತ್ತಾರೆ. ಅಷ್ಟರಲ್ಲಿ ಐದಾರು ನಿಮಿಷ ಆಗಿರುತ್ತದೆ. ನಮ್ಮ ಮೊಬೈಲು ಮೂವತ್ತು ಸೆಕೆಂಡಿಗೇ ಕೆಳಗಿಳಿದಿರುತ್ತದೆ, ಸ್ಟೇಟಸ್ಸಿಗೆ ಅಷ್ಟು ಸಾಕಲ್ಲ! ಆ ತುಣುಕು ಹತ್ತು ಗುಂಪು ಸುತ್ತಿ ಬರುವ ಹೊತ್ತಿಗೆ ಅದರ ಮೇಲೆ ‘ಬಸವಣ್ಣನವರ ವಚನ’ ಎಂದು ಬರೆದಿರುತ್ತದೆ. ಹಾಡಿದ್ದು ಆಯ್ದಕ್ಕಿ ಲಕ್ಕಮ್ಮನ ವಚನ ಆಗಿರಬಹುದು. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎನ್ನುವ ಅಂಕಿತ ಕೇಳದೆ ತಿಳಿಯುವುದು ಹೇಗೆ? ಮಾದಾರ ಧೂಳಯ್ಯನದು ‘ಕಾಮಧೂಮ ಧೂಳೇಶ್ವರ’, ಸತ್ಯಕ್ಕನದು ‘ಶಂಭುಜಕ್ಕೇಶ್ವರ’. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ದೋಣಿ ನಡೆಸುವವ, ಚಪ್ಪಲಿ ಹೊಲಿಯುವವ, ಅಂಗಳ ಗುಡಿಸುವವಳು, ಅಕ್ಕಿ ಆಯುವವಳು, ಇವರೆಲ್ಲ ತಮ್ಮ ಮಾತಿಗೆ ತಾವೇ ಮುದ್ರೆ ಒತ್ತಿದರು ಎನ್ನುವುದು ಹನ್ನೆರಡನೆಯ ಶತಮಾನದ ದೊಡ್ಡ ಸಂಗತಿ. ಆ ಮುದ್ರೆಯನ್ನು ನಾವು ಅಭಿಮಾನದಿಂದಲೇ ಕತ್ತರಿಸಿ ಬಿಸಾಡುತ್ತಿದ್ದೇವೆ.

ಅಭಿಮಾನ ಹೀಗೆ ಕತ್ತರಿ ಆಡಿಸುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಚಾರ್ಲಿ ಪಾರ್ಕರ್ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕನಿದ್ದ. ಡೀನ್ ಬೆನೆಡೆಟ್ಟಿ ಅವನ ಕಟ್ಟಾ ಅಭಿಮಾನಿ. 1947, 48ರಲ್ಲಿ ಮುದ್ರಣ ಯಂತ್ರ ಹೊತ್ತುಕೊಂಡು ಪಾರ್ಕರ್ ನುಡಿಸುವ ಕಡೆಗೆ ಹೋಗುತ್ತಿದ್ದ. ತಟ್ಟೆ, ಟೇಪು ಉಳಿಸಬೇಕಲ್ಲ, ಪಾರ್ಕರ್ ನುಡಿಸುವಾಗ ಯಂತ್ರ ಚಾಲೂ, ಜೊತೆಯವರ ಸರದಿ ಬಂದ ಕೂಡಲೇ ಬಂದ್! ದಶಕಗಳ ನಂತರ, 1990ರಲ್ಲಿ, ಆ ಮುದ್ರಣಗಳು ಹೊರಬಂದವು. ಜಗತ್ತು ಅವನಿಗೆ ಋಣಿಯಾಗಿದೆ, ಆ ಮಾತು ಬೇರೆ. ಆದರೆ ಅಂದು ಜೊತೆಗೆ ನುಡಿಸಿದವರ ಪಾಲು ಅದರಲ್ಲಿ ಇಲ್ಲ.

ನಮ್ಮ ಆಮಂತ್ರಣ ಪತ್ರಿಕೆಯಲ್ಲೂ ಈ ಕತ್ತರಿ ಇದೆ. ‘ಇಂಥವರು ಮತ್ತು ಸಂಗಡಿಗರಿಂದ ವಚನ ಗಾಯನ’. ಯಾರು ಈ ಸಂಗಡಿಗರು? ತಬಲಾ ನುಡಿಸಿದವನು, ಹಾರ್ಮೋನಿಯಂ ಹಿಡಿದವನು, ತಾಳ ಹಾಕಿದ ಇಬ್ಬರು ಹೆಣ್ಣುಮಕ್ಕಳು. ಅವರ ಹೆಸರು ಪತ್ರಿಕೆಯಲ್ಲಿ ಇಲ್ಲ, ಮೈಕಿನಲ್ಲಿ ಇಲ್ಲ, ನಮ್ಮ ಮುದ್ರಣದಲ್ಲೂ ಇಲ್ಲ. ಅದೇ ಪತ್ರಿಕೆಯಲ್ಲಿ ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ದಾಸೋಹಿಗಳು ಎಂದು ಎರಡು ಪುಟ. ಕಾಯಕ ಮಾಡಿದವನಿಗೆ ಹೆಸರಿಲ್ಲದ ಪತ್ರಿಕೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ಅಚ್ಚು ಹಾಕಿಸುತ್ತೇವೆ. ಇದನ್ನು ಮಠದವರಿಗೂ ಹೇಳಬೇಕು, ನಮಗೂ ಹೇಳಿಕೊಳ್ಳಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ಜಾತಿ ನೋಡದೆ ಸೇರಿಸಿಕೊಂಡು ಅನ್ನದ ಜೊತೆ ಸಂಗೀತ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಅದನ್ನು ನಡೆಸಿದರು. ಅಲ್ಲಿಂದ ಬಂದವರಲ್ಲಿ ಬಸವರಾಜ ರಾಜಗುರು ಅವರಂಥವರು ದೇಶಕ್ಕೆಲ್ಲ ಗೊತ್ತಾದರು. ಗೊತ್ತಾಗದವರು ಎಷ್ಟೋ ಮಂದಿ ಊರೂರಿನಲ್ಲಿ ಸಂಗೀತದ ಮೇಷ್ಟರಾದರು, ಕೀರ್ತನಕಾರರಾದರು, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಹಿಡಿದರು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವನ್ನು ಉಳಿಸಲು ನಾನು ನೀವು ಬೇಕಾಗಿಲ್ಲ. ಆಕಾಶವಾಣಿ ಇದೆ, ಕ್ಯಾಸೆಟ್ ಕಂಪನಿಗಳು ಇದ್ದವು. ಊರ ಮೇಷ್ಟರ ಧ್ವನಿಗೆ ಇರುವುದು ಊರ ಅಭಿಮಾನಿ ಮಾತ್ರ.

ಇನ್ನೊಂದು ನಷ್ಟವೂ ಇದೆ. ಪ್ರಸಿದ್ಧರ ಕ್ಯಾಸೆಟ್ಟುಗಳು ಹಳ್ಳಿಗೆ ಬಂದ ಮೇಲೆ ಎಲ್ಲರೂ ಅದೇ ಧಾಟಿ ಹಿಡಿದರು. ಅವರು ಚೆನ್ನಾಗಿ ಹಾಡಿದ್ದರು, ತಪ್ಪೇನಿಲ್ಲ. ಆದರೆ ಅದಕ್ಕೆ ಮುಂಚೆ ನಮ್ಮ ಭಜನೆ ಮೇಳಗಳಲ್ಲಿ, ಬೀಸುವ ಕಲ್ಲಿನ ಮುಂದೆ, ಮಗು ತೂಗುವಾಗ ಅಜ್ಜಿಯರ ಬಾಯಲ್ಲಿ ಬೇರೆ ಬೇರೆ ಧಾಟಿ ಇದ್ದವು. ಕೆಮ್ಮಣ್ಣುಗುಂಡಿಯ ಬುಡದ ಈ ಹಳ್ಳಿಗಳ ಧಾಟಿ ಒಂದು, ಕಡೂರಿನ ಬಯಲುಸೀಮೆಯದು ಇನ್ನೊಂದು. ಅವಕ್ಕೆ ಸ್ವರಲಿಪಿ ಬರೆದವರಿಲ್ಲ. ಹಾಡುವ ಅಜ್ಜಿ ಹೋದರೆ ಧಾಟಿಯೂ ಹೋಯಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಈ ಕಡೆಯ ಮನೆಗಳಲ್ಲಿ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿದಿಟ್ಟವರಿದ್ದಾರೆ. ಅಂಥ ಕ್ಯಾಸೆಟ್ಟಿನ ಕೊನೆಗೆ ಉಳಿದ ಜಾಗದಲ್ಲಿ ಎಷ್ಟೋ ಸಲ ಮನೆಯವರದೇ ಹಾಡು ಇರುತ್ತದೆ, ಹಿಂದೆ ಕುಕ್ಕರಿನ ಸೀಟಿ ಇರುತ್ತದೆ. ನನಗೆ ಕೇಳಿದರೆ ಆ ಕೊನೆಯ ಹತ್ತು ನಿಮಿಷವೇ ಬಂಗಾರ.

ಇಂಥ ಕ್ಯಾಸೆಟ್ಟುಗಳು ಎಲ್ಲಿವೆ? ಟ್ರಂಕಿನಲ್ಲಿ, ಅಟ್ಟದಲ್ಲಿ. ಫ. ಗು. ಹಳಕಟ್ಟಿಯವರು ತಾಡೋಲೆ ಹುಡುಕಿಕೊಂಡು ಮನೆ ಮನೆಗೆ ಹೋದಾಗಲೂ ಕಟ್ಟುಗಳು ಹೀಗೇ ಇದ್ದವು. ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರು ಕಡಿಮೆ. ಆ ವಕೀಲರು ಅವನ್ನು ಬಿಚ್ಚಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅವರಿಗಿಂತ ಬಹಳ ಹಿಂದೆ ಕಲ್ಯಾಣದಲ್ಲಿ ವಚನ ಭಂಡಾರಿ ಶಾಂತರಸ ಇದ್ದ. ಅನುಭವ ಮಂಟಪದಲ್ಲಿ ಆಡಿದ ಮಾತನ್ನು ಜೋಪಾನ ಮಾಡುವುದೇ ಅವನ ಕಾಯಕ. ಸಭೆಯಲ್ಲಿ ಕೂತು, ಕೇಳಿ, ಕಾಪಾಡಿದವನಿಗೆ ಶರಣರು ಶರಣನ ಸ್ಥಾನ ಕೊಟ್ಟಿದ್ದಾರೆ. ಕೇಳುಗರಾದ ನಮಗೆ ಇದಕ್ಕಿಂತ ದೊಡ್ಡ ಹಿರಿಯ ಬೇಕೆ?

ತಾಡೋಲೆ ನೂರಾರು ವರ್ಷ ತಡೆಯಿತು. ಕ್ಯಾಸೆಟ್ಟು ತಡೆಯುವುದಿಲ್ಲ, ನಮ್ಮ ಮಲೆನಾಡಿನ ಅಂಚಿನ ಮಳೆಯಲ್ಲಂತೂ ಇಲ್ಲವೇ ಇಲ್ಲ. ಸುರುಳಿಯ ಅಂಚಿನಲ್ಲಿ ಬಿಳಿ ಬೂದಿಯ ಹಾಗೆ ಬೂಷ್ಟು ಕಟ್ಟುತ್ತದೆ. ಅಂಥದ್ದನ್ನು ಆತುರದಿಂದ ಹಾಕಿ ನೋಡಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಚೆನ್ನಾಗಿರುವುದನ್ನು ಮೊದಲು ಉಳಿಸಿಕೊಳ್ಳಿ. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಮೇಲೆ ಬೇರೇನೂ ಅಚ್ಚಾಗುವುದಿಲ್ಲ. ಕಂಪ್ಯೂಟರಿಗೆ ಇಳಿಸುವಾಗ ಅವಸರ ನಡೆಯದು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಕೂತು ಕೇಳಬೇಕು. ಆದರೆ ‘ವೇವ್’ ಕಡತವಾಗಿ ಇಡಿ. ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಇವತ್ತಿನ ಪೆನ್ ಡ್ರೈವಿಗೆ ಅದೇನು ಭಾರವಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ಮೂಲ ಎಂದು ತಿಳಿಯಬೇಡಿ, ದಾರಿಯಲ್ಲೇ ಅದು ಸೊರಗಿರಬಹುದು.

ಈಗ ಮುದ್ರಿಸುವವರಿಗೆ. ಸ್ಪೀಕರಿನ ಬುಡದಲ್ಲಿ ಕೂರಬೇಡಿ, ಧ್ವನಿ ಒಡೆಯುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಟ್ಟೆ ಮಡಚಿ ಅದರ ಮೇಲಿಡಿ. ಕೈಯಲ್ಲಿ ಹಿಡಿದು ಪರದೆ ನೋಡುತ್ತಾ ಕೂತರೆ ನೀವು ಕೇಳಿದ ಹಾಗೂ ಆಗಲಿಲ್ಲ, ಹಿಂದಿನವರಿಗೆ ಕಂಡ ಹಾಗೂ ಆಗಲಿಲ್ಲ. ಅಂಕಿತ ಮುಗಿಯುವವರೆಗೆ ನಿಲ್ಲಿಸಬೇಡಿ. ಆಶೀರ್ವಚನವನ್ನೂ ಪೂರ್ತಿ ಹಿಡಿಯಿರಿ. ಒಂದು ಗಂಟೆಯ ಮಾತಿನಿಂದ ಎರಡು ವಾಕ್ಯ ಕಿತ್ತು ಹರಿಬಿಟ್ಟು ಊರಿನಲ್ಲಿ ಜಗಳ ಎಬ್ಬಿಸುವವರಿದ್ದಾರೆ. ಅಂಥ ದಿನ ಇಡೀ ಗಂಟೆಯ ಧ್ವನಿ ಯಾರದೋ ಮನೆಯಲ್ಲಿ ಇದ್ದರೆ ಸತ್ಯಕ್ಕೆ ಒಂದು ಸಾಕ್ಷಿ ಇರುತ್ತದೆ. ಹಾರ ತುರಾಯಿಯನ್ನು ಬಾಡಿಗೆ ವಿಡಿಯೊದವರು ಹೇಗೂ ಹಿಡಿಯುತ್ತಾರೆ. ಗಾಯನ ಶುರುವಾದಾಗಲೇ ಅವರ ಬ್ಯಾಟರಿ ಮುಗಿಯುವುದು. 2019ರ ಆಗಸ್ಟಿನಲ್ಲಿ ನಮ್ಮ ನೆರೆಯ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆ ಜಿಲ್ಲೆಗೆ ಹೋದರಲ್ಲ, ಅದರಲ್ಲಿ ಮಕ್ಕಳೊಂದಿಗೆ ಸಂವಾದ ಇತ್ತು. ಮಕ್ಕಳು ಏನು ಕೇಳಿದರು ಎನ್ನುವ ಧ್ವನಿ ನಿಮ್ಮಲ್ಲಿ ಯಾರ ಬಳಿಯಾದರೂ ಪೂರ್ತಿ ಇದ್ದರೆ, ದಯವಿಟ್ಟು ಅಳಿಸಬೇಡಿ.

ಮುದ್ರಿಸುವ ಮುಂಚೆ ಕೇಳಿ. ಹಾಡುವ ತಾಯಿ ‘ಬೇಡಪ್ಪ’ ಎಂದರೆ ಫೋನು ಜೇಬಿಗೆ. ಒಪ್ಪಿದರೆ ಮೊದಲ ಪ್ರತಿ ಅವರಿಗೆ, ಆಮೇಲೆ ಊರಿಗೆ. ಎಷ್ಟೋ ಭಜನೆ ಮೇಳದವರ ಹಾಡು ಯಾರದೋ ಚಾನೆಲ್ಲಿನಲ್ಲಿ ಹಣ ದುಡಿಯುತ್ತಿರುತ್ತದೆ, ಹಾಡಿದವರ ಮನೆಯಲ್ಲಿ ಅವರ ಧ್ವನಿಯೇ ಇಲ್ಲ. ಮುದ್ರಿಸುವುದು ಕಾಯಕವಾದರೆ ಹಿಂದಿರುಗಿಸುವುದೇ ದಾಸೋಹ. ತಿಜೋರಿಯಲ್ಲಿಟ್ಟು ‘ನನ್ನ ಹತ್ತಿರ ಮಾತ್ರ ಇದೆ’ ಎನ್ನುವ ಸಂಗ್ರಹಕಾರರ ಜಂಬ ನನಗೆ ಹಿಡಿಸುವುದಿಲ್ಲ.

ಕೊನೆಗೆ ಚೀಟಿ. ಕಡತಕ್ಕೆ ಫೋನು ಕೊಟ್ಟ ನಂಬರನ್ನೇ ಬಿಡಬೇಡಿ. ತಾರೀಖು, ಊರು, ಯಾವ ಸಂದರ್ಭ, ಯಾರ ವಚನ, ಯಾರು ಹಾಡಿದರು, ತಬಲಾ ಯಾರು, ಹಾರ್ಮೋನಿಯಂ ಯಾರು, ಯಾರಿಂದ ಕಲಿತದ್ದು, ಇಷ್ಟನ್ನು ಬರೆಯಿರಿ. ಬರೆಯಲು ಆಗದಿದ್ದರೆ ಹಾಡು ಮುಗಿದ ಕೂಡಲೇ ಅದೇ ಫೋನಿನಲ್ಲಿ ಬಾಯಲ್ಲಿ ಹೇಳಿಬಿಡಿ, ಅಷ್ಟೇ ಸಾಕು. ಒಂದು ಪ್ರತಿ ಮನೆಯಲ್ಲಿ, ಒಂದು ಹಾಡಿದವರಲ್ಲಿ, ಒಂದು ಮಠದಲ್ಲೋ ಶಾಲೆಯಲ್ಲೋ ಇರಲಿ.

ಇವತ್ತು ಹಾಡಿದ ನಾಲ್ವರ ಹೆಸರನ್ನೂ ಕೇಳಿ ಬರೆದುಕೊಂಡಿದ್ದೇನೆ. ಸಂಘದವರು ಒಪ್ಪಿದರೆ ಅದನ್ನು ಬಾಗಿಲ ಬಳಿಯ ಹಲಗೆಗೆ ಅಂಟಿಸುತ್ತೇನೆ. ಪ್ರಸಾದ ಆದ ಮೇಲೆ ಒಂದು ಗಂಟೆ ಜಗಲಿಯಲ್ಲಿ ಇರುತ್ತೇನೆ, ಪ್ಲೇಯರ್ ತಂದಿದ್ದೇನೆ, ಹೆಡ್ಡು ಒರೆಸಿ ಇಟ್ಟಿದ್ದೇನೆ. ಮನೆ ಹತ್ತಿರ ಇರುವವರು ಹೋಗಿ ಟ್ರಂಕು ತೆಗೆದು ನೋಡಿ. ಮೇಲೆ ಏನೂ ಬರೆಯದ ಕ್ಯಾಸೆಟ್ಟು ಇದ್ದರೆ ಮೊದಲು ಅದನ್ನೇ ತನ್ನಿ.