ಮಂಕು ಕವಿದ ಮನಸ್ಸು, ಮನೆಯವರ ಹೊಣೆ

(ಗುತ್ತೂರಿನ ತಿಂಗಳ ಶರಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಖಿನ್ನತೆ ಎಂಬ ಕಾಯಿಲೆಯ ಬಗ್ಗೆ ಮಾತನಾಡಿ ಎಂದು ಗೋಷ್ಠಿಯವರು ಕೇಳಿದಾಗ, ನಾನು ಡಾಕ್ಟರಲ್ಲ, ಕರೆಂಟಿನ ಎಂಜಿನಿಯರ್ ಎಂದೆ. "ಡಾಕ್ಟರು ಆಸ್ಪತ್ರೇಲಿ ಹೇಳ್ತಾರೆ. ಮನೆಯವರು ಏನು ಮಾಡಬೇಕು ಅನ್ನೋದನ್ನ ನೀವು ಹೇಳಿ" ಎಂದರು. ಅಷ್ಟಕ್ಕೇ ನನ್ನ ಮಾತನ್ನು ಸೀಮಿತ ಮಾಡಿಕೊಳ್ಳುತ್ತೇನೆ.

ಎಲ್ಲರಿಗೂ ಗೊತ್ತಿರುವ ಒಬ್ಬ ಹೆಣ್ಣುಮಗಳಿಂದ ಶುರು ಮಾಡೋಣ. ದೀಪಿಕಾ ಪಡುಕೋಣೆ ಸಿನಿಮಾ ನಟಿ ಎಂದು ನಿಮಗೆ ಗೊತ್ತು. ಆಕೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರ ಮಗಳು. ಬೆಂಗಳೂರಿನಲ್ಲಿ ಬೆಳೆದು, ತಾನೂ ಬ್ಯಾಡ್ಮಿಂಟನ್ ಆಡಿದವಳು. 2014ರಲ್ಲಿ ಹೆಸರು, ಹಣ, ಕೆಲಸ ಎಲ್ಲವೂ ಇದ್ದಾಗಲೇ ಆಕೆಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದು ಕಷ್ಟವಾಯಿತು. ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ, ಕಾರಣವಿಲ್ಲದೆ ಅಳು. ತಾಯಿ ಉಜ್ಜಲಾ ಅವರು ಮುಂಬೈಗೆ ಬಂದಿದ್ದರು. ಅವರು ಊರಿಗೆ ಹೊರಡುವಾಗ ಮಗಳು ಅತ್ತುಬಿಟ್ಟಳು. ಕೆಲಸದಲ್ಲಿ ತೊಂದರೆಯೆ, ಯಾರಾದರೂ ನೋಯಿಸಿದರೆ ಎಂದು ತಾಯಿ ಕೇಳಿದರು. ಯಾವುದಕ್ಕೂ ಮಗಳ ಬಳಿ ಉತ್ತರವಿರಲಿಲ್ಲ. ಇದು ತಜ್ಞರು ನೋಡಬೇಕಾದ ಕಾಯಿಲೆ ಎಂದು ತಾಯಿಗೆ ಹೊಳೆಯಿತು. ಆಪ್ತಸಮಾಲೋಚನೆಯಾಯಿತು, ಮನೋವೈದ್ಯರ ಔಷಧಿಯಾಯಿತು, ನಿಧಾನಕ್ಕೆ ಗುಣವಾಯಿತು.

2015ರಲ್ಲಿ ಆಕೆ ಇದನ್ನು ಟಿ.ವಿ.ಯಲ್ಲಿ ಬಾಯಿಬಿಟ್ಟು ಹೇಳಿದಳು. ಅದೇ ವರ್ಷ 'ಲಿವ್ ಲವ್ ಲಾಫ್' ಎಂಬ ಪ್ರತಿಷ್ಠಾನ ಕಟ್ಟಿದಳು. ಆ ಪ್ರತಿಷ್ಠಾನ ಹಳ್ಳಿಗಳ ಕೆಲಸ ಶುರು ಮಾಡಿದ್ದು ಎಲ್ಲಿ ಗೊತ್ತೆ? ನಮ್ಮ ದಾವಣಗೆರೆ ಜಿಲ್ಲೆಯಲ್ಲಿ, 2016ರಲ್ಲಿ. ಅಂಗವಿಕಲರಿಗಾಗಿ ದುಡಿಯುವ ಬೆಂಗಳೂರಿನ ಎ.ಪಿ.ಡಿ. ಸಂಸ್ಥೆ ಜೊತೆಗೂಡಿತು. ಮಾನಸಿಕ ಕಾಯಿಲೆಯವರನ್ನು ಮನೆಮನೆಯಲ್ಲಿ ಗುರುತಿಸುವುದು, ಚಿಕಿತ್ಸೆ ಮತ್ತು ಔಷಧಿ ಸಿಗುವಂತೆ ನೋಡಿಕೊಳ್ಳುವುದು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು, ರೋಗಿಯನ್ನು ನೋಡಿಕೊಳ್ಳುವ ಮನೆಯವರ ಗುಂಪು ಕಟ್ಟುವುದು, ಇವು ಅಲ್ಲಿನ ಕೆಲಸ. ತನ್ನ ನೋವನ್ನು ಮುಚ್ಚಿಡದ ಒಬ್ಬಳಿಂದ ನಮ್ಮ ಜಿಲ್ಲೆಯ ಎಷ್ಟೋ ಬಡ ಮನೆಗಳಿಗೆ ಮಾತ್ರೆ ತಲುಪಿತು. ದಾಸೋಹ ಎಂದರೆ ಅನ್ನ ಮಾತ್ರವಲ್ಲ ಎನ್ನುವ ನಾವು ಇದನ್ನೂ ದಾಸೋಹದ ಲೆಕ್ಕಕ್ಕೆ ಸೇರಿಸಬೇಕು.

ಇದು ದೊಡ್ಡವರ ಕಾಯಿಲೆಯಲ್ಲ, ಬಂಧುಗಳೆ. 2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ 20 ಜನಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಅಂಥವರಲ್ಲಿ ಸುಮಾರು ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಸಭೆಯಲ್ಲಿ ನೂರು ಜನ ಕೂತಿದ್ದರೆ ಆ ಲೆಕ್ಕದಲ್ಲಿ ಐದು ಜನ ಇದ್ದಾರೆ. ಅವರು ಯಾರೆಂದು ಪಕ್ಕದಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ.

ಏಕೆ ಗೊತ್ತಾಗುವುದಿಲ್ಲ? ನಮ್ಮ ಹೆಣ್ಣುಮಕ್ಕಳು "ನನಗೆ ಖಿನ್ನತೆ" ಎಂದು ಹೇಳುವುದಿಲ್ಲ. ತಲೆ ಭಾರ, ಮೈಕೈ ನೋವು, ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರ ಮೇಲೂ ಮನಸ್ಸಿಲ್ಲ ಎನ್ನುತ್ತಾರೆ. ಇದು ಎರಡು ವಾರ ಬಿಡದೆ ಇದ್ದರೆ ತೋರಿಸಬೇಕು. ನಾವು ಮಾಡುವುದೇನು? "ಸೋಮಾರಿತನ" ಎನ್ನುತ್ತೇವೆ, "ನಾಟಕ" ಎನ್ನುತ್ತೇವೆ. ಹೆಚ್ಚಾದರೆ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿ ತೆಗೆಯುತ್ತೇವೆ. ಗ್ರಹಗತಿ, ಶಕುನ, ಸೂತಕ ಇವನ್ನೆಲ್ಲ 12ನೇ ಶತಮಾನದಲ್ಲೇ ಶರಣರು ಬೇಡವೆಂದರು. ಅವರ ಭಾವಚಿತ್ರಕ್ಕೆ ಹೂವಿಟ್ಟು, ಮಗಳಿಗೆ ಕಾಯಿಲೆಯಾದರೆ ತಾಯತ ಕಟ್ಟಿಸಲು ಹೋಗುವುದು ಯಾವ ಶರಣಧರ್ಮ?

ಗುತ್ತೂರಿನ 400 ಕಿಲೋವೋಲ್ಟ್ ಕೇಂದ್ರವನ್ನು ನೀವೆಲ್ಲ ಹೊರಗಿನಿಂದ ನೋಡಿದ್ದೀರಿ. ಕೈಗಾದ ಕರೆಂಟು ಬಂದು ಸೇರುವ ಜಾಗ ಅದು. ಇಂಥ ಕೇಂದ್ರಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಎಣ್ಣೆಯ ಬಿಸಿ ತೋರಿಸುವ ಮೀಟರ್ ಇರುತ್ತದೆ. ಬಿಸಿ ಏರಿದರೆ ಮೊದಲು ಅಲಾರಂ ಹೊಡೆಯುತ್ತದೆ. ಆಗಲೂ ನಾವು ನೋಡದಿದ್ದರೆ ರಿಲೇ ಟ್ರಿಪ್ ಆಗಿ ಇಡೀ ಟ್ರಾನ್ಸ್‌ಫಾರ್ಮರ್ ನಿಲ್ಲುತ್ತದೆ. ಅಲಾರಂ ಹೊಡೆದಾಗ ಯಾವ ಎಂಜಿನಿಯರೂ ಅದನ್ನು ಬೈಯುವುದಿಲ್ಲ. ಲೋಡು ಇಳಿಸುತ್ತಾನೆ, ಫ್ಯಾನು ತಿರುಗುತ್ತಿದೆಯೆ ನೋಡುತ್ತಾನೆ, ಎಣ್ಣೆ ಪರೀಕ್ಷೆಗೆ ಕಳಿಸುತ್ತಾನೆ. ಕಬ್ಬಿಣದ ಯಂತ್ರಕ್ಕೆ ತೋರಿಸುವ ಈ ವಿವೇಕವನ್ನು ಮನೆಯ ಸೊಸೆಗೂ ತೋರಿಸೋಣ ಎಂಬುದಷ್ಟೇ ನನ್ನ ಕೋರಿಕೆ.

ಈಗ ನಡಿಗೆ ಮತ್ತು ಓಟದ ವಿಷಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 50 ವರ್ಷ ದಾಟಿದ 156 ಖಿನ್ನತೆಯ ರೋಗಿಗಳ ಮೇಲೆ ಮಾಡಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಔಷಧಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ವ್ಯಾಯಾಮ, ಇನ್ನೊಂದಕ್ಕೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಸಮ ಗುಣ ಕಂಡಿದ್ದವು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 218 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಪ್ರಕಟಿಸಿತು. ನಡಿಗೆ, ಓಟ, ಯೋಗ, ಭಾರ ಎತ್ತುವುದು, ಇವೆಲ್ಲ ಖಿನ್ನತೆಯನ್ನು ತಗ್ಗಿಸುತ್ತವೆ ಎಂದು ಅದರಲ್ಲಿದೆ.

ಹಾಗೆಂದು ನಾಳೆಯಿಂದ ಮಾತ್ರೆ ಎಸೆದು ಓಡಿ ಎಂದು ನಾನು ಹೇಳುತ್ತಿಲ್ಲ. ದೀಪಿಕಾ ಹುಟ್ಟು ಆಟಗಾರ್ತಿ. ಆಕೆಗೂ ಔಷಧಿ ಬೇಕಾಯಿತು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ವಾರದಲ್ಲಿ ಗುಣವಾಗಲಿಲ್ಲವೆಂದೂ, ಚೆನ್ನಾಗಿದ್ದೇನೆಂದೂ ನಾವೇ ನಿಲ್ಲಿಸಬಾರದು. ಇನ್ನೊಂದು ಮಾತು, ಕಾಯಿಲೆ ಜೋರಾಗಿದ್ದಾಗ ಹಾಸಿಗೆಯಿಂದ ಏಳುವುದೇ ಆಗುವುದಿಲ್ಲ. ಅಂಥವರಿಗೆ "ಹೋಗು, ಓಡು" ಎಂದರೆ ಪ್ರಯೋಜನವಿಲ್ಲ. "ಬಾ, ನಾನೂ ಬರ್ತೀನಿ" ಎನ್ನುವವರು ಬೇಕು.

ಹಾಗಾಗಿಯೇ ಗುಂಪು ಬೇಕು. ನಮ್ಮೂರಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಗಂಡಸರು ಬಹಳ ಇದ್ದಾರೆ, ನಿವೃತ್ತರಂತೂ ಎಲ್ಲರೂ. ಹೆಂಗಸರೆಷ್ಟು? "ಹೊಲದಲ್ಲಿ ದುಡಿಯುವವರಿಗೆ, ಮನೆಗೆಲಸ ಮಾಡುವವರಿಗೆ ವಾಕಿಂಗ್ ಯಾಕೆ?" ಎಂದು ಕೇಳುತ್ತಾರೆ. ಆ ದುಡಿಮೆ ಇನ್ನೊಬ್ಬರಿಗಾಗಿ, ಇನ್ನೊಬ್ಬರು ಹೇಳಿದ ಹೊತ್ತಿಗೆ. ತನಗಾಗಿ ಅರ್ಧ ಗಂಟೆ, ಜೊತೆಗೆ ಮನಸ್ಸು ಬಿಚ್ಚಲು ಇಬ್ಬರು ಗೆಳತಿಯರು, ಇದು ಬೇರೆಯೇ ಸಂಗತಿ. ಹೆಣ್ಣುಮಕ್ಕಳನ್ನು ಅನುಭವ ಮಂಟಪದಲ್ಲಿ ಕೂರಿಸಿ ಮಾತನಾಡಿಸಿದ ಪರಂಪರೆ ನಮ್ಮದು. ಅವರು ಬೀದಿಯಲ್ಲಿ ನಡೆದರೆ, ಚೂಡಿದಾರ್ ಹಾಕಿ ಓಡಿದರೆ ಕಟ್ಟೆಯ ಮೇಲೆ ಕೂತು ನಗುವುದನ್ನು ನಾವು ಬಿಡಬೇಕು.

ಕೈಯಳತೆಯಲ್ಲೇ ನೆರವಿದೆ. 1985ರಿಂದ 90ರವರೆಗೆ ನಿಮ್ಹಾನ್ಸ್ ಆಗ ನಮ್ಮ ನೆರೆಯಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆ ನಡೆಸಿ ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ತಮಾಷೆ ಮಾಡಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಗೋಷ್ಠಿಯ ಮುಂದೆ ಮೂರು ಕೆಲಸ ಇಡುತ್ತೇನೆ. ಒಂದು, ವಾರಕ್ಕೆ ಮೂರು ದಿನ ಬೆಳಿಗ್ಗೆ ಹೆಣ್ಣುಮಕ್ಕಳ ನಡಿಗೆ. ಯಾವ ಕೇರಿ, ಯಾವ ಜಾತಿ ಎಂದು ಕೇಳಬಾರದು; ಓಡಬಲ್ಲವರು ಓಡಲಿ, ಉಳಿದವರು ನಡೆಯಲಿ. ಆ ದಾರಿಯ ಬೀದಿದೀಪ ಉರಿಯುವಂತೆ ಅರ್ಜಿ ಬರೆದು ಬೆನ್ನು ಹತ್ತುವ ಕೆಲಸ ನನಗಿರಲಿ, ನನಗೆ ಅದು ಅಭ್ಯಾಸವಾದ ಕೆಲಸ. ಎರಡು, ಆ ಅರ್ಧ ಗಂಟೆ ಮನೆಯ ಒಲೆ ಮತ್ತು ಮಕ್ಕಳನ್ನು ಗಂಡಸರು ನೋಡಿಕೊಳ್ಳಲಿ. ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವವರಿಗೆ ಚಹಾ ಕಾಸುವುದು ಕಷ್ಟವಾಗಬಾರದು. ಮೂರು, ಗೋಷ್ಠಿಯಲ್ಲಿ ಆರು ತಿಂಗಳಿಗೊಮ್ಮೆ ಮನೋವೈದ್ಯರನ್ನು ಕರೆಸಿ, ಆಶಾ ಕಾರ್ಯಕರ್ತೆಯರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ.

ದೀಪಿಕಾ ಅವರ ಪ್ರತಿಷ್ಠಾನ 2016ರಲ್ಲಿ ನಡೆಸಿದ ಪ್ರಚಾರದ ಹೆಸರು 'ದೋಬಾರಾ ಪೂಛೋ', ಅಂದರೆ ಮತ್ತೊಮ್ಮೆ ಕೇಳಿ. ಇವತ್ತು ಮನೆಗೆ ಹೋದ ಮೇಲೆ ಮಂಕಾಗಿ ಕೂತವರನ್ನು "ಹೇಗಿದೀಯವ್ವ?" ಎಂದು ಕೇಳಿ. "ಏನಿಲ್ಲ ಬಿಡಿ, ಚೆನ್ನಾಗಿದೀನಿ" ಎನ್ನುತ್ತಾರೆ. ಟಿ.ವಿ. ಆರಿಸಿ, ಪಕ್ಕದಲ್ಲಿ ಕೂತು, ಇನ್ನೊಂದು ಸಲ ಕೇಳಿ.