ಗ್ರೀಸ್ ದೇಶದ ಅಗ್ನಿಪರೀಕ್ಷೆಯ ವರ್ಷ: ಕ್ರಿ. ಪೂ. 480



ಇಂದು ನಾವು ಗ್ರೀಸ್ ದೇಶದ ಇತಿಹಾಸದೊಳಗಿನ ಒಂದೇ ವರ್ಷವನ್ನು ವಿಚಾರಕ್ಕೆ ತೆಗೆದುಕೊಳ್ಳುವೆವು. ಆಗ ಗ್ರೀಕರ ಭಾಷೆ ಒಂದು, ದೇವತೆಗಳು ಒಂದೇ. ರಾಜ್ಯಗಳು ಮಾತ್ರ ನೂರಾರು. ಇಂಥ ಒಡೆದ ನಾಡಿನ ಮೇಲೆ ಕ್ರಿ. ಪೂ. 480ರಲ್ಲಿ ಪರ್ಶಿಯಾದ ಚಕ್ರವರ್ತಿ ಕ್ಸರ್ಕ್ಸಸನು ಹೆಲೆಸ್ಪಾಂಟ್ ಜಲಸಂಧಿಗೆ ಹಡಗುಗಳ ಸೇತುವೆ ಕಟ್ಟಿಸಿ ದಂಡೆತ್ತಿ ಬಂದನು. ಅವನ ಸೈನ್ಯದಲ್ಲಿ ಹತ್ತಿಬಟ್ಟೆಯುಟ್ಟ ಹಿಂದುಸ್ಥಾನದ ಬಿಲ್ಲುಗಾರರೂ ಇದ್ದರೆಂದು ಹೆರೊಡೋಟಸನು ಬರೆದಿರುವನು.

ಗ್ರೀಕ್ ರಾಜ್ಯಗಳಲ್ಲಿ ಅನೇಕವು ಕಾದದೆಯೇ ಶರಣಾದವು. ಯುದ್ಧಾನಂತರ ಡೆಲ್ಫಿಯಲ್ಲಿ ನಿಲ್ಲಿಸಿದ ಕಂಚಿನ ಸರ್ಪಸ್ತಂಭದ ಮೇಲೆ ಕಾದಿದವರೆಂದು ಕೊರೆದ ಹೆಸರುಗಳು 31 ಮಾತ್ರ.

ಥರ್ಮಾಪಿಲೆಯ ಕಣಿವೆಯಲ್ಲಿ ಸ್ಪಾರ್ಟಾದ ಅರಸನಾದ ಲಿಯೊನಿಡಾಸನು ಮೂರು ದಿನ ಶತ್ರುವನ್ನು ತಡೆದನು. ಎಫಿಯಾಲ್ಟಿಸನೆಂಬ ದ್ರೋಹಿಯು ಬೆಟ್ಟದ ಕಾಲುದಾರಿಯನ್ನು ತೋರಿಸಲು ಅರಸನು ರಣದಲ್ಲಿ ಮಡಿದನು. 300 ಮಂದಿ ಸ್ಪಾರ್ಟನರನ್ನು ಲೋಕವೆಲ್ಲ ಕೊಂಡಾಡುತ್ತದೆ. ಅವರೊಡನೆ ನಿಂತ 700 ಮಂದಿ ಥೆಸ್ಪಿಯನರನ್ನು ನೆನೆಯುವವರು ವಿರಳ.

ಬಳಿಕ ಅಥೆನ್ಸಿನ ಜನರು ಹೆಂಡಿರು ಮಕ್ಕಳನ್ನು ಹಡಗು ಹತ್ತಿಸಿ ಊರನ್ನು ಬಿಟ್ಟರು. ಪರ್ಶಿಯನರು ಅದನ್ನು ಸುಟ್ಟರು. ಸಲಾಮಿಸ್ ದ್ವೀಪದ ಬಳಿ ಕೂಡಿದ ನೌಕಾಬಲದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಡಗುಗಳು ಅಥೆನ್ಸಿನವು. ಮೂರು ವರ್ಷಗಳ ಹಿಂದೆ ಲಾರಿಯಮ್ ಗಣಿಯ ಬೆಳ್ಳಿಯನ್ನು ಜನರು ಹಂಚಿಕೊಳ್ಳದೆ, ಥೆಮಿಸ್ಟೊಕ್ಲಿಸನ ಮಾತಿನಂತೆ ಕಟ್ಟಿಸಿದ ಹಡಗುಗಳವು. ಆದರೂ ಸೇನಾಪತ್ಯವು ಸ್ಪಾರ್ಟಾದ ಯೂರಿಬಿಯಾಡಿಸನಿಗೆ ಸಂದಿತು. ಒಕ್ಕಟ್ಟು ಮುರಿಯಬಾರದೆಂದು ಅಥೆನ್ಸು ಅದಕ್ಕೆ ಒಪ್ಪಿತು. ಕೊರಿಂಥದ ನಾಯಕನು ಥೆಮಿಸ್ಟೊಕ್ಲಿಸನನ್ನು ಊರಿಲ್ಲದವನೆಂದು ಸಭೆಯಲ್ಲಿಯೇ ಹಳಿದನು. ತಮ್ಮ ತಮ್ಮ ಊರುಗಳ ರಕ್ಷಣೆಗೆ ಓಡಲು ಹಲವರು ಸಿದ್ಧರಾಗಿದ್ದರು. ಆಗ ಥೆಮಿಸ್ಟೊಕ್ಲಿಸನು ಸಿಕಿನ್ನಸನೆಂಬ ದಾಸನ ಮೂಲಕ, ಗ್ರೀಕರು ಪಲಾಯನಕ್ಕೆ ಅಣಿಯಾಗಿರುವರೆಂದು ಶತ್ರುವಿಗೇ ಸುದ್ದಿ ಮುಟ್ಟಿಸಿದನು. ಕ್ಸರ್ಕ್ಸಸನು ದಾರಿ ಕಟ್ಟಿದನು, ಓಡಬೇಕೆಂದವರೂ ಕಾದಲೇಬೇಕಾಯಿತು. ಇಕ್ಕಟ್ಟಾದ ಆ ಜಲಸಂಧಿಯಲ್ಲಿ ಪರ್ಶಿಯನರಿಗೆ ತಮ್ಮ ಹಡಗುಗಳ ಬಾಹುಳ್ಯವೇ ಮುಳುವಾಯಿತು. ದಡದ ಮೇಲೆ ಕುಳಿತು ಸೋಲನ್ನು ಕಣ್ಣಾರೆ ಕಂಡ ಚಕ್ರವರ್ತಿಯು ಏಶಿಯಾಕ್ಕೆ ಮರಳಿದನು. ಅವನು ಬಿಟ್ಟುಹೋದ ಸೈನ್ಯವು ಮರುವರ್ಷ ಪ್ಲಟೀಯಾದಲ್ಲಿ ನಾಶವಾಯಿತು.

ಈ ಜಯದ ಮೂಲವೆಲ್ಲಿ? ಹಡಗುಗಳಲ್ಲಿಯೂ ಯುಕ್ತಿಯಲ್ಲಿಯೂ ಇತ್ತು, ನಿಜ. ಆದರೆ ಹೆಚ್ಚು ಬಲವುಳ್ಳವರು ಹಿರಿತನವನ್ನು ಬಿಟ್ಟುಕೊಡದೆ ಇದ್ದಿದ್ದರೆ ಆ ಹಡಗುಗಳು ಒಂದೆಡೆ ಕೂಡುತ್ತಲೇ ಇರಲಿಲ್ಲವೆಂದು ನಾವು ಹೇಳುವೆವು. ಇದೇ ಅಥೆನ್ಸು ಮುಂದೆ ಮಿತ್ರರಾಜ್ಯಗಳ ನಾಯಕತ್ವವನ್ನು ಪಡೆದು, ಕ್ರಿ. ಪೂ. 454ರಲ್ಲಿ ಅವರೆಲ್ಲರ ಭಂಡಾರವನ್ನು ತನ್ನ ಊರಿಗೆ ತಂದಿಟ್ಟುಕೊಂಡು, ಮಿತ್ರರನ್ನು ಸಾಮಂತರನ್ನಾಗಿ ಮಾಡಿತು. ಕ್ರಿ. ಪೂ. 431ರಲ್ಲಿ ಗ್ರೀಕರು ಗ್ರೀಕರನ್ನೇ ಕೊಲ್ಲುವ ಮಹಾಯುದ್ಧವು ಮೊದಲಾಯಿತು. ಭಯದಲ್ಲಿ ಕೂಡಿದವರು ಭಾಗ್ಯದಲ್ಲಿ ಅಗಲಿದರು. ಜಯದ ಕಥೆಯೊಡನೆ ಇದನ್ನೂ ನಾವು ಓದಿಕೊಳ್ಳತಕ್ಕದ್ದು.