ಎರಡೂವರೆ ಗಂಟೆಯ ರಾಜ್ಯೋತ್ಸವ, ಒಂದೇ ಡಿವಿಡಿ
(ಸಿಂಡೆಲ್‌ಫಿಂಗೆನ್‌ನ ಕನ್ನಡ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



2007ರಲ್ಲಿ ಇದೇ ಊರಿನಲ್ಲಿ ನಾವು ರಾಜ್ಯೋತ್ಸವ ಮಾಡಿದಾಗ ಕ್ಯಾಮೆರಾ ಹಿಡಿದವನು ನಾನು. ಎಡಿಟ್ ಮಾಡಿ ಮುಗಿಸಿದ ಮೇಲೂ ಎರಡೂವರೆ ಗಂಟೆ ಉಳಿಯಿತು. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಕಳಿಸಲು ಡಿವಿಡಿ ಬೇಕಿತ್ತು. ರಾತ್ರಿ ಸೆಕೆಂಡಿಗೆ 8 ಮೆಗಾಬಿಟ್ ಎಂದು ಕೊಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಫೈಲು 9 ಜಿಬಿ, ಡಿಸ್ಕಿನಲ್ಲಿ ಜಾಗ ಇರುವುದು 4.7 ಜಿಬಿ!

"ಆ ಅಮ್ಮನ ಸೋಬಾನೆ ಪದ ಇಪ್ಪತ್ತು ನಿಮಿಷ ಇದೆಯಲ್ಲ, ಅದನ್ನು ತೆಗೆದುಬಿಡಿ" ಎಂದರು ಕೆಲವರು. ಮಗನ ಮನೆಗೆ ಬಂದಿದ್ದ ಆ ತಾಯಿ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅಷ್ಟೂ ಹಾಡಿದ್ದರು. ಅದನ್ನು ತೆಗೆದಿದ್ದರೂ 7.8 ಜಿಬಿ ಆಗುತ್ತಿತ್ತು. ತಪ್ಪು ಹಾಡಿನದಲ್ಲ, ನನ್ನ ಲೆಕ್ಕದ್ದು.

ಲೆಕ್ಕ ಸುಲಭ. 4.7 ಜಿಬಿ ಎಂದರೆ 37,600 ಮೆಗಾಬಿಟ್. ಎರಡೂವರೆ ಗಂಟೆ ಎಂದರೆ 9,000 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 4.1 ಚಿಲ್ಲರೆ. ಧ್ವನಿಗೆ 0.2 ತೆಗೆದು, ಮೆನುವಿಗೂ ಹೆಚ್ಚುಕಡಿಮೆಗೂ ಸ್ವಲ್ಪ ಬಿಟ್ಟು, ಚಿತ್ರಕ್ಕೆ ಸರಾಸರಿ 3.7 ಇಟ್ಟೆ. ಎರಡು ಸುತ್ತಿನ ಎನ್‌ಕೋಡಿಂಗ್ ಆರಿಸಿದೆ. ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಚಲನೆ ಎಲ್ಲೆಲ್ಲಿ ಹೆಚ್ಚು ಎಂದು ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಮಕ್ಕಳ ಕೋಲಾಟಕ್ಕೆ ಹೆಚ್ಚು, ಕೂತು ಹಾಡುವವರಿಗೆ ಕಡಿಮೆ ಬಿಟ್ ಹಂಚುತ್ತದೆ. ಜರ್ಮನಿಯಲ್ಲೂ ಭಾರತದಲ್ಲೂ ಪಾಲ್ ಪದ್ಧತಿಯೇ ಇದ್ದದ್ದರಿಂದ 720 x 576, ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಸಾಕಾಯಿತು. ಇಡೀ ಕಾರ್ಯಕ್ರಮ ಒಂದೇ ಡಿಸ್ಕಿನಲ್ಲಿ ಕೂತಿತು.

ಇನ್ನೊಂದು ಮಾತು. ಡಿವಿಡಿಯಲ್ಲಿ ಧ್ವನಿ ಯಾವ ಭಾಷೆಯದು ಎಂದು ನಮೂದಿಸಲು ಎರಡಕ್ಷರದ ಸಂಕೇತ ಇರುತ್ತದೆ. ಕನ್ನಡಕ್ಕೂ ಇದೆ: ಕೆ, ಎನ್. ನಾನು ಗಮನಿಸದೆ ಬಿಟ್ಟಿದ್ದರಿಂದ ನನ್ನ ತಂತ್ರಾಂಶ ಸೋಬಾನೆ ಪದವನ್ನೂ ಇಂಗ್ಲಿಷ್ ಎಂದೇ ಬರೆದುಕೊಂಡಿತ್ತು! ಪಟ್ಟಿಯಲ್ಲಿ ಕೆಳಗಿಳಿದು ಹುಡುಕಿದರೆ ಕನ್ನಡ ಅಲ್ಲೇ ಇತ್ತು. ನಮಗೆ ಜಾಗ ಇಲ್ಲವೆಂದು ಗೊಣಗುವ ಮೊದಲು, ಇರುವ ಜಾಗವನ್ನು ನಾವು ಬಳಸಿದ್ದೇವೆಯೇ ಎಂದು ಕೇಳಿಕೊಳ್ಳೋಣ.

ಆ ತಾಯಿ ಈಗಿಲ್ಲ. ಮೊಮ್ಮಕ್ಕಳು ಅಜ್ಜಿಯ ದನಿ ಕೇಳುವುದು ಆ ಡಿಸ್ಕಿನಲ್ಲೇ. ಮನೆಯಲ್ಲಿ ಬರೆದ ಡಿಸ್ಕುಗಳ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ನಿಮ್ಮ ಬೀರುವಿನಲ್ಲಿ ಇಂಥವು ಇದ್ದರೆ ಈ ವಾರವೇ ಹಾರ್ಡ್ ಡಿಸ್ಕಿಗೆ ಇಳಿಸಿ, ಎರಡು ಪ್ರತಿ ಮಾಡಿ, ಒಂದನ್ನು ಊರಿಗೆ ಕಳಿಸಿ. ಬಾರದಿದ್ದರೆ ಕೇಳಿ, ಕೂತು ಮಾಡೋಣ.

ಸಿರಿಗನ್ನಡಂ ಗೆಲ್ಗೆ!